ಹೊಸ ಪದಕ್ಕೊಂದು ಮಣೆ

ಪರಭಾಷೆಯೊಂದನ್ನು ಕಲಿಯಹೊರಟವನು ಮೊದಲು ಕೈಚಾಚುವುದು ಅದರ ಪದಗಳಿಗೆ. ವ್ಯಾಕರಣವನ್ನು ಅರೆದು ಕುಡಿದವನೂ ಪದಗಳಿಲ್ಲದೆ ಮೂಕನಾಗಿ ನಿಂತಾನು. ನಾಲ್ಕು ಪದಗಳನ್ನು ಬಲ್ಲವನು ಹೇಗೋ ಸಂತೆಯಲ್ಲಿ ತನ್ನ ಕೆಲಸ ಪೂರೈಸಿಕೊಂಡು ಬಂದಾನು. ಈ ಸಂಗತಿ ನಮ್ಮ ಪೂರ್ವಿಕರಿಗೆ ಚೆನ್ನಾಗಿ ತಿಳಿದಿತ್ತು. ಸಂಸ್ಕೃತ ಕಲಿಯುವ ಬಾಲಕನಿಗೆ ಕಾವ್ಯಕ್ಕೆ ಮೊದಲೇ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಕನ್ನಡಿಗನಿಗೆ ಸಂಸ್ಕೃತದ ಪದಗಳು ತಿಳಿಯಲೆಂದು ನಾಗವರ್ಮನು ‘ಅಭಿಧಾನ ವಸ್ತುಕೋಶ’ವನ್ನು ರಚಿಸಿದನು; 1398ರಲ್ಲಿ ಅಭಿನವ ಮಂಗರಾಜನ ನಿಘಂಟು ಹುಟ್ಟಿತು. ಎರಡೂ ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಪದ್ಯಗ್ರಂಥಗಳು. ಹೊರಗಿನಿಂದ ಬಂದ ಪದಕ್ಕೆ ಮನೆಯೊಳಗೊಂದು ಮಣೆ ಹಾಕಿ ಕುಳ್ಳಿರಿಸಿ ಉಪಚರಿಸುವ ಪದ್ಧತಿ ನಮಗೆ ಹೊಸದೇನೂ ಅಲ್ಲ.

ಇಂಗ್ಲಿಷು ಬಂದಾಗಲೂ ಈ ಉಪಚಾರ ನಡೆಯಿತು. ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ಕೋಶ 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. 1894ರಲ್ಲಿ ಮಂಗಳೂರಿನಿಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಇವೆಲ್ಲ ವಿದ್ವಾಂಸರ ಮಹಾಪ್ರಯತ್ನಗಳು. ಆದರೆ ಹಳ್ಳಿಯ ಶಾಲೆಯ ಹುಡುಗನ ಕೈಗೆ ಈ ಕೋಶಗಳು ಎಟುಕುತ್ತಿದ್ದುದು ಅಪರೂಪ. ಅವನ ನಿಘಂಟು ಬೇರೆಯೇ ಇತ್ತು. ನೋಟುಬುಕ್ಕಿನ ಹಾಳೆಯ ಮೇಲೆ ಅಡ್ಡಪಟ್ಟಿಯಿಟ್ಟು ಎರಡು ಗೆರೆಗಳನ್ನೆಳೆದು ಮಾಡಿದ ಮೂರು ಮನೆಗಳು: ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಅದರ ಉಚ್ಚಾರ ಕನ್ನಡ ಲಿಪಿಯಲ್ಲಿ, ಮೂರನೆಯದರಲ್ಲಿ ಅರ್ಥ. ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಮೊದಲು ಕಂಡ ನಮ್ಮ ತಲೆಮಾರಿನವರೆಲ್ಲರೂ ಈ ಮೂರು ಮನೆಗಳ ಮೂಲಕವೇ ಆ ಭಾಷೆಯನ್ನು ಪ್ರವೇಶಿಸಿದವರು.

ಮೊದಲೆರಡು ಮನೆಗಳ ನಡುವೆ ಒಂದು ತಂಟೆ ಸದಾ ಇದ್ದೇ ಇರುತ್ತಿತ್ತು. ನುಡಿದಂತೆ ಬರೆಯುವ, ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ಮಗುವಿಗೆ, ಬರೆದೂ ಓದಬಾರದ ಅಕ್ಷರವೊಂದು ಉಂಟೆಂಬುದೇ ಒಂದು ವಿಸ್ಮಯ. ‘ಕೆ ಎನ್ ಐ ಎಫ್ ಇ ನೈಫ್, ನೈಫ್ ಎಂದರೆ ಚಾಕು’ ಎಂದು ರಾಗವಾಗಿ ಕೂಗುವಾಗ ಆ ಮೊದಲ ‘ಕೆ’ ಎಲ್ಲಿ ಅಡಗಿತೆಂದು ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಕಾರಣ ಸರಳವಾದದ್ದು. ಇಂಗ್ಲಿಷರೂ ಒಂದು ಕಾಲದಲ್ಲಿ ಆ ಅಕ್ಷರವನ್ನು ಉಚ್ಚರಿಸುತ್ತಿದ್ದರು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಬರಹದ ರೂಪ ಕ್ರಮೇಣ ಸ್ಥಿರವಾಗುತ್ತ ಬಂದಿತು. ಆಡುಮಾತು ಮಾತ್ರ ತನ್ನ ಪಾಡಿಗೆ ತಾನು ಬದಲಾಗುತ್ತ ಹೋಯಿತು. ನಾವು ಱ, ೞಗಳ ಉಚ್ಚಾರ ಅಳಿದಾಗ ಕಾಲಕ್ರಮದಲ್ಲಿ ಆ ಅಕ್ಷರಗಳನ್ನೂ ಬಿಟ್ಟುಕೊಟ್ಟೆವು. ಅವರು ಉಚ್ಚಾರವನ್ನು ಬಿಟ್ಟು ಅಕ್ಷರವನ್ನು ಇಟ್ಟುಕೊಂಡರು. ಇಷ್ಟನ್ನು ತಿಳಿಸಿದರೆ ಮಕ್ಕಳಿಗೆ ಆ ‘ಕೆ’ಯ ಮೇಲೆ ಕೋಪಕ್ಕೆ ಬದಲು ಕನಿಕರವೇ ಹುಟ್ಟೀತು.

ಆದರೆ ಕಲಿಕೆಯ ನಿಜವಾದ ಅಳಿವು ಉಳಿವು ಇರುವುದು ಮೂರನೆಯ ಮನೆಯಲ್ಲಿ. ಅಲ್ಲಿ ಕನ್ನಡ ಪದವನ್ನು ಬರೆದ ಮಾತ್ರಕ್ಕೆ ಎರಡು ಭಾಷೆಗಳ ಲೆಕ್ಕ ಚುಕ್ತವಾಗುವುದಿಲ್ಲ. ಇಂಗ್ಲಿಷಿನವರಿಗೆ ‘ಶೇಡ್’ ಬೇರೆ, ‘ಶ್ಯಾಡೋ’ ಬೇರೆ. ಮರದ ಕೆಳಗಿನ ತಂಪೂ ನಮಗೆ ನೆರಳೇ, ನಮ್ಮನ್ನು ಹಿಂಬಾಲಿಸುವ ಕಪ್ಪು ಆಕೃತಿಯೂ ನೆರಳೇ. ಇನ್ನೊಂದು ಕಡೆ ಅವರು ‘ರೈಸ್’ ಎಂದು ಒಂದೇ ಪದದಲ್ಲಿ ಮುಗಿಸುವುದನ್ನು ನಾವು ಗದ್ದೆಯಲ್ಲಿ ಭತ್ತವೆನ್ನುತ್ತೇವೆ, ಮೊರದಲ್ಲಿ ಅಕ್ಕಿಯೆನ್ನುತ್ತೇವೆ, ಎಲೆಯ ಮೇಲೆ ಅನ್ನವೆನ್ನುತ್ತೇವೆ. ‘ಅಂಕಲ್’ ಎಂಬೊಂದು ಪದದ ಮುಂದೆ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಮೂವರೂ ಸಾಲಾಗಿ ಬಂದು ನಿಲ್ಲುತ್ತಾರೆ. ಎರಡು ಭಾಷೆಗಳು ಲೋಕವನ್ನು ಪಾಲು ಮಾಡಿಕೊಳ್ಳುವ ಬಗೆಯೇ ಬೇರೆ ಎಂಬ ತಿಳಿವಳಿಕೆ ಮಗುವಿಗೆ ಹೊಳೆಯುವುದು ಈ ಮನೆಯಲ್ಲೇ. ವಿದ್ಯೆಯೆಂದು ಕರೆಯಬಹುದಾದ ಒಂದು ಬೆಳಕು ಅದರಲ್ಲಿದೆ.

ಹಾಗಾದರೆ ಮಗು ಕಲಿಯಬೇಕಾದ ಪದಗಳು ಎಷ್ಟು, ಎಂಥವು? ಬಂಗಾಳದಲ್ಲಿ ಇಂಗ್ಲಿಷ್ ಬೋಧನೆಯ ಪ್ರಯೋಗಗಳನ್ನು ನಡೆಸಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸಾಮಾನ್ಯ ಇಂಗ್ಲಿಷ್ ಬರಹವೊಂದರಲ್ಲಿ ನೂರಕ್ಕೆ ಎಂಬತ್ತರಷ್ಟು ಪದಗಳು ಇಂಥ ಎರಡು ಸಾವಿರದೊಳಗೇ ಮತ್ತೆ ಮತ್ತೆ ಸುಳಿದಾಡುತ್ತವೆ. ಬರುವುದು, ಹೋಗುವುದು, ನೀರು, ಬೆಂಕಿ, ಹಸಿವು, ನಾಚಿಕೆ, ಭಯ: ಅವುಗಳಲ್ಲಿ ಬಹುಪಾಲು ಮನೆಯಂಗಳದ ಮಾತುಗಳು. ಶಾಲೆಗೆ ಬರುವ ಮಗುವಿನ ಬಳಿ ಇವಕ್ಕೆಲ್ಲ ಸ್ವಂತ ಪದಗಳು ಆಗಲೇ ಸಿದ್ಧವಾಗಿರುತ್ತವೆ.

ವಿಷಾದವೆಂದರೆ, ನಮ್ಮ ಮೂರನೆಯ ಮನೆ ಆ ಸ್ವಂತ ಪದಗಳನ್ನು ಕೇಳಿದ್ದು ಬಹಳ ಕಡಿಮೆ. ‘ಸ್ಪ್ರೌಟ್’ ಎಂಬುದಕ್ಕೆ ‘ಅಂಕುರಿಸು’ ಎಂದು ಬರೆಸಿದೆವು; ಹೊಲದ ಮಗುವಿಗೆ ಗೊತ್ತಿದ್ದುದು ಮೊಳಕೆ. ‘ಡಸ್ಕ್’ ಎಂಬುದಕ್ಕೆ ‘ಸಾಯಂಸಂಧ್ಯೆ’ ಎಂದೆವು. ಅದರ ಕಿವಿಯಲ್ಲಿದ್ದುದು ಮುಸ್ಸಂಜೆ, ದೀಪ ಹಚ್ಚುವ ಹೊತ್ತು. ‘ಎವಾಪೊರೇಷನ್’ ಎಂದರೆ ‘ಬಾಷ್ಪೀಭವನ’ವೆಂದು ಹೇಳಿ ಕೈತೊಳೆದುಕೊಂಡೆವು, ಒಗೆದ ಬಟ್ಟೆ ಆರುವುದನ್ನು ಅದು ದಿನವೂ ಕಾಣುತ್ತಿತ್ತು. ಹೀಗೆ ಒಂದು ಅಪರಿಚಿತ ಪದವನ್ನು ಇನ್ನೊಂದು ಅಪರಿಚಿತ ಪದದ ಕೈಗೆ ಒಪ್ಪಿಸಿ, ಇಬ್ಬರನ್ನೂ ಬಾಗಿಲ ಹೊರಗೇ ನಿಲ್ಲಿಸಿದೆವು. ಶಾಸ್ತ್ರಕ್ಕೆ ಪಾರಿಭಾಷಿಕ ಪದ ಬೇಡವೆಂದು ನಾನು ಹೇಳುತ್ತಿಲ್ಲ. ಆರುವುದನ್ನು ಅರಿತ ಮೇಲೆ ಬಾಷ್ಪೀಭವನವೂ ಬರಲಿ. ಮೊದಲು ಬರಬೇಕಾದದ್ದು ಮೊದಲು ಬಂದರೆ ಸಾಕು.

ಇದರ ಪರಿಣಾಮವನ್ನು ಪದವಿ ತರಗತಿಗೆ ಕನ್ನಡ ಪಾಠ ಹೇಳುವ ನಾನು ಆಗಾಗ ಕಾಣುತ್ತೇನೆ. ಒಮ್ಮೆ ಕವಿತೆಯೊಂದರ ಪಾಠದಲ್ಲಿ ‘ಹಂಬಲ’ ಎಂಬ ಪದ ಬಂದಿತು. ಅರ್ಥವೇನೆಂದು ಕೇಳಿದೆ. ಹಳ್ಳಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತಟ್ಟನೆ ಎದ್ದು, “ಲಾಂಗಿಂಗ್, ಸಾರ್” ಎಂದಳು. ಸಂತೋಷವಾಯಿತು. “ಲಾಂಗಿಂಗ್ ಎಂದರೇನಮ್ಮ?” ಎಂದೆ. “ಹಂಬಲ, ಸಾರ್.” ತರಗತಿ ನಕ್ಕಿತು, ಅವಳೂ ನಕ್ಕು ತಲೆ ತಗ್ಗಿಸಿದಳು. ಶಾಲೆಯ ದಿನಗಳಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿ ಬರೆದು ಬಾಯಿಪಾಠ ಮಾಡಿದ್ದಳು, ಪರೀಕ್ಷೆಯಲ್ಲಿ ಅಂಕವೂ ದೊರೆತಿತ್ತು. ಒಂದು ಇನ್ನೊಂದರ ಅರ್ಥವೆಂಬುದಷ್ಟೇ ಅವಳಿಗೆ ದಕ್ಕಿದ ಅರ್ಥ. ನಾನು ಬೇರೆ ದಾರಿ ಹಿಡಿದು, “ನಿಮ್ಮ ಮನೆಯಲ್ಲಿ ಯಾರಾದರೂ ದೂರ ಹೋದವರನ್ನೇ ನೆನೆಯುತ್ತ ಕುಳಿತಿರುವುದುಂಟೆ?” ಎಂದು ಕೇಳಿದೆ. ಅವಳು ಕ್ಷಣ ಯೋಚಿಸಿ, “ನಮ್ಮ ಅಜ್ಜಿ, ಸಾರ್. ಅದಕ್ಕೆ ಬೆಂಗಳೂರಿಗೆ ಹೋದ ಚಿಕ್ಕಪ್ಪಂದೇ ಗ್ಯಾನ. ಉಣ್ಣೋಕೆ ಕೂತರೂ ಅವನದೇ ಗ್ಯಾನ” ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖದ ಭಾವವೇ ಬದಲಾಯಿತು. ‘ಗ್ಯಾನ’ ಎಂಬ ಆ ಮನೆಮಾತು ಒಂದೇ ಏಟಿಗೆ ಹಂಬಲವನ್ನೂ ಲಾಂಗಿಂಗನ್ನೂ ಒಳಗೆ ಕರೆದು ಮಣೆ ಹಾಕಿತ್ತು. ಆ ಹುಡುಗಿಗೆ ಪದದಾರಿದ್ರ್ಯವೆಂದು ಯಾರು ಹೇಳಿಯಾರು? ಅವಳ ಬಳಿ ಇದ್ದ ಸಂಪತ್ತನ್ನು ಅಷ್ಟು ವರ್ಷ ಯಾರೂ ವಿಚಾರಿಸಿರಲಿಲ್ಲ, ಅಷ್ಟೆ.

ಈಗ ಕಾಲ ಮುಂದೆ ಸಾಗಿದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಿದರು. ಇಂಗ್ಲಿಷ್ ಮಾಧ್ಯಮದ ಎಷ್ಟೋ ತರಗತಿಗಳಲ್ಲಿ ಮೂರನೆಯ ಮನೆಯ ಕನ್ನಡವನ್ನು ಅಳಿಸಿ, ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಬರೆಸುತ್ತಾರೆ. ಮಾತೃಭಾಷೆಯ ಊರುಗೋಲು ಹಿಡಿದವನು ಇಂಗ್ಲಿಷಿನಲ್ಲಿ ಆಲೋಚಿಸಲಾರನೆಂಬುದು ಇದರ ಸಮರ್ಥನೆ. ಈ ವಾದದಲ್ಲಿ ಸತ್ಯಾಂಶವಿಲ್ಲವೆನ್ನಲಾರೆ. ಸೇಬನ್ನು ತೋರಿಸಿ ‘ಆ್ಯಪಲ್’ ಎಂದರೆ ಅನುವಾದದ ಹಂಗಿಲ್ಲ. ಪದವನ್ನು ಹತ್ತು ವಾಕ್ಯಗಳಲ್ಲಿ ಕಂಡು ತಾನೂ ಬಳಸಿದಾಗಲೇ ಅದು ಸ್ವಂತವಾಗುವುದೆಂಬುದೂ ನಿಜ. ಆದರೆ ‘ಶೇಮ್’ ಎಂಬುದನ್ನು ಯಾವ ಚಿತ್ರದಲ್ಲಿ ತೋರಿಸೋಣ? ‘ರಿಲಕ್ಟೆಂಟ್’ ಎಂಬುದಕ್ಕೆ ‘ಅನ್‌ವಿಲಿಂಗ್’ ಎಂದು ಬರೆಸಿದರೆ, ಎರಡನ್ನೂ ಅರಿಯದ ಮಗುವಿಗೆ ಹಳೆಯ ಕಷ್ಟವೇ ಹೊಸ ವೇಷದಲ್ಲಿ ಬಂದಂತಾಯಿತು. ‘ಒಲ್ಲದ ಮನಸ್ಸಿನಿಂದ’ ಎಂಬ ಒಂದು ಮಾತು ಅಲ್ಲಿ ಎಷ್ಟು ದೂರವನ್ನು ಕ್ಷಣದಲ್ಲಿ ದಾಟಿಸುತ್ತದೆ! ದಾಟಿದ ಮೇಲೆ ದೋಣಿಯನ್ನು ದಡದಲ್ಲಿ ಬಿಟ್ಟು ನಡೆಯಬಹುದು. ಹೊಳೆಯ ನಡುವೆ ಬಿಡುವುದು ಜಾಣತನವಲ್ಲ.

ಆದುದರಿಂದ ನಮ್ಮ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಸಣ್ಣ ಅರಿಕೆ. ಹೊಸ ಪದವನ್ನು ಹಲಗೆಯ ಮೇಲೆ ಬರೆದಾಗ ಅರ್ಥವನ್ನು ಕೂಡಲೇ ಬರೆಸಬೇಡಿ. ಅದು ಬರುವ ಸಂದರ್ಭವನ್ನು ವಿವರಿಸಿ, “ನಿಮ್ಮ ಮನೆಯಲ್ಲಿ ಇದಕ್ಕೇನೆನ್ನುತ್ತಾರೆ?” ಎಂದು ಕೇಳಿ. ಮಕ್ಕಳ ಮನೆಮಾತು ಕನ್ನಡವೇ ಆಗಿರಬೇಕೆಂದಿಲ್ಲ. ತುಳು, ಕೊಂಕಣಿ, ಉರ್ದು, ಲಂಬಾಣಿ ಯಾವುದಾದರೂ ಆದೀತು. ಕನ್ನಡವಾದರೂ ಒಂದೇ ಬಗೆಯದೆ? ‘ಗ್ರೌಂಡ್‌ನಟ್’ ಎಂದೊಡನೆ ಮೈಸೂರಿನ ಕಡೆಯವನು ಕಡಲೆಕಾಯಿ ಎನ್ನುತ್ತಾನೆ, ಧಾರವಾಡದವನು ಶೇಂಗಾ ಎನ್ನುತ್ತಾನೆ, ಕರಾವಳಿಯವನು ನೆಲಗಡಲೆ ಎನ್ನುತ್ತಾನೆ. ನೆಲವನ್ನೂ ಕಾಳನ್ನೂ ಜೋಡಿಸಿದ ಈ ಕೊನೆಯ ಪದ ಇಂಗ್ಲಿಷ್ ಪದದ ಒಡಹುಟ್ಟಿದಂತಿರುವುದನ್ನು ಕಂಡು ಮಕ್ಕಳು ಹಿಗ್ಗುತ್ತಾರೆ. ಒಂದು ಇಂಗ್ಲಿಷ್ ಪದದ ನೆಪದಲ್ಲಿ ಮೂರು ಕನ್ನಡ ಪದಗಳು ತರಗತಿಗೆ ಬಂದವು. ಇದರಲ್ಲಿ ಯಾವ ಭಾಷೆಗೆ ನಷ್ಟವಾಯಿತು?

ಕನ್ನಡದ ಅಧ್ಯಾಪಕನಿಗೆ ಇಂಗ್ಲಿಷ್ ಪದಗಳ ಉಸಾಬರಿ ಏಕೆಂದು ಯಾರಾದರೂ ಕೇಳಿಯಾರು. ನನ್ನ ಉತ್ತರ ಇಷ್ಟೆ. ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿದೆಯೆಂದು ಬಲ್ಲ ಮಗು ಹೊರಗಿನ ಮಾತಿಗೆ ಹೆದರುವುದಿಲ್ಲ. ತನ್ನ ಅಜ್ಜಿಯ ನುಡಿ ಶಾಲೆಯ ಹಲಗೆಯ ಮೇಲೆ, ಇಂಗ್ಲಿಷ್ ಪದದ ಪಕ್ಕದಲ್ಲಿ, ಉಪಾಧ್ಯಾಯರ ಕೈಬರಹದಲ್ಲಿ ಮೂಡಿದ್ದನ್ನು ಒಮ್ಮೆ ಕಂಡರೆ ಸಾಕು. ಅಂದು ಸಂಜೆ ಅದು ಮನೆಗೆ ಹೋಗಿ ಆ ಅಜ್ಜಿಗೆ ಇಂಗ್ಲಿಷ್ ಹೇಳಿಕೊಡಲು ಕುಳಿತುಕೊಳ್ಳುತ್ತದೆ.