ಚಿನ್ನ ಅದೇ, ಹೊದಿಕೆ ಬೇರೆ

ನೀರಿನ ಮೇಲೆ ಟಾಲ್ಯೂಯಿನ್ ಸುರಿದರೆ ಎರಡೂ ಬೆರೆಯುವುದಿಲ್ಲ. ಪೇಂಟ್ ಥಿನ್ನರ್‌ಗಳಲ್ಲಿ ಬಳಸುವ ಈ ದ್ರಾವಕ ನೀರಿಗಿಂತ ಹಗುರ, ಹಾಗಾಗಿ ಮೇಲೆ ಬೇರೆಯೇ ಪದರವಾಗಿ ನಿಲ್ಲುತ್ತದೆ. ಕೆಳಗಿನ ನೀರಿನಲ್ಲಿ ಚಿನ್ನದ ನ್ಯಾನೋಕಣಗಳಿದ್ದರೆ ನೀರು ಕೆಂಪಾಗಿ ಕಾಣುತ್ತದೆ, ಮೇಲಿನ ಪದರಕ್ಕೆ ಬಣ್ಣವಿಲ್ಲ. ಈಗ ಟಾಲ್ಯೂಯಿನ್‌ಗೆ ಡೋಡೆಕೇನ್‌ಥಯಾಲ್ ಎಂಬ ಗಂಧಕದ ಸಂಯುಕ್ತ ಬೆರೆಸಿ, ಗಾಢ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಜೋರಾಗಿ ಕಲಕಿದರೆ ಕೆಂಪು ಕೆಳಗಿನಿಂದ ಮೇಲಕ್ಕೆ ದಾಟಿಬಿಡುತ್ತದೆ. ಕೆಳಗೆ ಉಳಿಯುವುದು ಬಣ್ಣ ಕಳೆದುಕೊಂಡ ನೀರು ಮಾತ್ರ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್, ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು 1997ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಚಿನ್ನ, ಬೆಳ್ಳಿ, ಪ್ಲಾಟಿನಂ ಮೂರೂ ಹೀಗೆಯೇ ದಾಟಿದವು.

ಚಿನ್ನ ನೀರಿಗಿಂತ 19 ಪಟ್ಟು ಭಾರವಾದ ಲೋಹ. ಅದು ನೀರನ್ನು ಬಿಟ್ಟು ನೀರಿಗಿಂತ ಹಗುರಾದ ದ್ರವಕ್ಕೆ ಏರಿತೆಂದರೆ ಯಾರಿಗಾದರೂ ಅಚ್ಚರಿಯಾಗಬೇಕು. ಆದರೆ ಕೆಲವೇ ನ್ಯಾನೋಮೀಟರ್ ಅಗಲದ ಕಣಕ್ಕೆ ಭಾರ ಒಂದು ಲೆಕ್ಕವೇ ಅಲ್ಲ. ಸುತ್ತಲಿನ ದ್ರವದ ಅಣುಗಳು ಎಡಬಿಡದೆ ಕೊಡುವ ಪೆಟ್ಟಿನ ಮುಂದೆ ಗುರುತ್ವದ ಎಳೆತ ತೀರಾ ದುರ್ಬಲ. ಕಣ ಯಾವ ದ್ರವದಲ್ಲಿ ಇರಬೇಕೆಂದು ತೀರ್ಮಾನಿಸುವುದು ಅದರ ಮೇಲ್ಮೈ, ಅಂದರೆ ಲೋಹದ ಸುತ್ತ ಅಂಟಿಕೊಂಡಿರುವ ಒಂದೇ ಅಣುವಿನಷ್ಟು ದಪ್ಪದ ಪದರ. ನ್ಯಾನೋ ವಿಜ್ಞಾನದ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹಗಳಲ್ಲಿ ಕಣದ ಗಾತ್ರಕ್ಕೆ ಸಿಕ್ಕ ಗೌರವ ಈ ಪದರಕ್ಕೆ ಸಿಕ್ಕಿಲ್ಲ. ಅದು ಸಿಗಬೇಕು.

ಹೊದಿಕೆಯಿಲ್ಲದ ಲೋಹದ ಕಣಗಳು ದ್ರವದಲ್ಲಿ ಬಿಡಿಬಿಡಿಯಾಗಿ ಉಳಿಯುವುದಿಲ್ಲ. ಎರಡು ಕಣಗಳು ಹತ್ತಿರ ಬಂದರೆ ವ್ಯಾನ್ ಡರ್ ವಾಲ್ಸ್ ಸೆಳೆತ ಅವನ್ನು ಕೂಡಿಸುತ್ತದೆ. ಲೋಹಗಳಲ್ಲಿ ಈ ಸೆಳೆತ ಬಹಳ ಜೋರು. ಕೂಡಿದ ಕಣಗಳಿಗೆ ಮತ್ತೆರಡು ಸೇರಿ, ಕಡೆಗೆ ಎಲ್ಲವೂ ಮುದ್ದೆಗಟ್ಟಿ ತಳ ಸೇರುತ್ತವೆ. ಹಲಸಿನ ಹಣ್ಣು ಬಿಡಿಸುವವರು ಕೈಗೆ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲವಲ್ಲ, ಹಾಗೆ ಕಣಕ್ಕೂ ಮೈಗೆ ಏನಾದರೂ ಸವರಿರಬೇಕು. ಏನನ್ನು ಸವರಿದ್ದೇವೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಹಳೆಯ ಹೊದಿಕೆಯೊಂದರಿಂದ ಶುರುಮಾಡೋಣ. 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು ವಿವರಿಸಿದ ವಿಧಾನದಲ್ಲಿ ಚಿನ್ನದ ಲವಣದ ತೆಳು ದ್ರಾವಣವನ್ನು ಕುದಿಸಿ ಸೋಡಿಯಂ ಸಿಟ್ರೇಟ್ ಹಾಕುತ್ತಾರೆ. ನಿಂಬೆಹಣ್ಣಿನ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲದ್ದೇ ಲವಣ ಇದು. ಚಿನ್ನವನ್ನು ಲೋಹವಾಗಿ ಇಳಿಸುವುದೂ ಇದೇ, ಹುಟ್ಟಿದ ಕಣಗಳ ಮೈಗೆ ಹತ್ತಿ ಕೂರುವುದೂ ಇದೇ. ಸಿಟ್ರೇಟ್ ಋಣ ವಿದ್ಯುದಂಶ ಹೊತ್ತಿರುವುದರಿಂದ ಪ್ರತಿ ಕಣವೂ ಋಣಾವೇಶ ಪಡೆಯುತ್ತದೆ, ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಹೊದಿಕೆ ಗಟ್ಟಿಯಾಗಿ ಅಂಟಿರುವುದಿಲ್ಲ, ಬೇಕೆಂದರೆ ಸುಲಭವಾಗಿ ಕಿತ್ತು ಬೇರೆಯದನ್ನು ತೊಡಿಸಬಹುದು. ಅದು ಅನುಕೂಲವೂ ಹೌದು, ದೌರ್ಬಲ್ಯವೂ ಹೌದು. ಈ ಕೆಂಪು ದ್ರವಕ್ಕೆ ಅಡುಗೆ ಉಪ್ಪು ಹಾಕಿದರೆ ಸೋಡಿಯಂ ಅಯಾನುಗಳು ಋಣಾವೇಶವನ್ನು ಮರೆಮಾಡುತ್ತವೆ, ತಳ್ಳುವ ಬಲ ಸೋಲುತ್ತದೆ, ಕಣಗಳು ಗುಂಪುಗೂಡಿ ಕೆಂಪು ನೀಲಿಗೆ ತಿರುಗುತ್ತದೆ.

ಈ ಬಣ್ಣಗೇಡನ್ನು ಮೈಕೆಲ್ ಫ್ಯಾರಡೆ 1857ರಲ್ಲೇ ಕಂಡಿದ್ದ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವನು ತಯಾರಿಸಿದ ಮಾಣಿಕ್ಯವರ್ಣದ ದ್ರವದ ಸೀಸೆಗಳು ಇಂದಿಗೂ ಅಲ್ಲಿವೆ. ಅವನು ಬಳಸಿದ್ದೂ ಎರಡು ಪದರಗಳ ವಿಧಾನವೇ: ನೀರಿನಲ್ಲಿ ಚಿನ್ನದ ಲವಣ, ನೀರಿಗೆ ಬೆರೆಯದ ಕಾರ್ಬನ್ ಡೈಸಲ್ಫೈಡ್‌ನಲ್ಲಿ ರಂಜಕ. ಉಪ್ಪು ಕೆಂಪನ್ನು ನೀಲಿ ಮಾಡುತ್ತದೆ, ಜೆಲಾಟಿನ್‌ನಂಥ ಲೋಳೆ ಸೇರಿಸಿದ್ದರೆ ಆ ಬದಲಾವಣೆಗೆ ತಡೆಯಾಗುತ್ತದೆ ಎಂಬುದನ್ನೂ ಅವನು ಗಮನಿಸಿದ. ಸುಮಾರು ನಾಲ್ಕು ದಶಕಗಳ ನಂತರ ರಿಚರ್ಡ್ ಜಿಗ್ಮಂಡಿ ಇದಕ್ಕೊಂದು ಅಳತೆ ಕೊಟ್ಟ. 10 ಮಿಲಿಲೀಟರ್ ಕೆಂಪು ಚಿನ್ನದ ದ್ರವಕ್ಕೆ ಶೇಕಡಾ 10ರ ಉಪ್ಪು ನೀರನ್ನು 1 ಮಿಲಿಲೀಟರ್ ಹಾಕಿದಾಗಲೂ ಬಣ್ಣ ಕೆಡದಂತೆ ಕಾಪಾಡಲು ಒಂದು ಪದಾರ್ಥ ಎಷ್ಟು ಮಿಲಿಗ್ರಾಂ ಬೇಕು? ರಸಾಯನಶಾಸ್ತ್ರ ಓದಿದವರಿಗೆ ಈ ‘ಚಿನ್ನದ ಸಂಖ್ಯೆ’ ನೆನಪಿರಬಹುದು. ಜೆಲಾಟಿನ್‌ಗೆ ಅದು ಮಿಲಿಗ್ರಾಮಿನ ನೂರನೇ ಒಂದು ಭಾಗದಷ್ಟು, ಆಲೂಗಡ್ಡೆಯ ಪಿಷ್ಟಕ್ಕೆ ಸುಮಾರು 25. ಎರಡರ ನಡುವೆ ಸಾವಿರಾರು ಪಟ್ಟು ಅಂತರ! ಹೊದಿಕೆಯಿಂದ ಹೊದಿಕೆಗೆ ಗುಣ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ. ಜಿಗ್ಮಂಡಿಗೆ 1925ರ ನೊಬೆಲ್ ಸಂದಿತು. ಇವತ್ತು ಔಷಧಿ ಅಂಗಡಿಯಲ್ಲಿ ಸಿಗುವ ಗರ್ಭ ಪರೀಕ್ಷೆಯ ಕಿಟ್‌ಗಳಲ್ಲಿ ಮೂಡುವ ಕೆಂಪು ಗೆರೆ ಅನೇಕ ವೇಳೆ ಚಿನ್ನದ ನ್ಯಾನೋಕಣಗಳದ್ದು. ಮೂತ್ರದಲ್ಲಿ ಉಪ್ಪು ಧಾರಾಳವಾಗಿದ್ದರೂ ಆ ಕಣಗಳು ಗುಂಪುಗೂಡದಿರುವುದು ಮೈಮೇಲೆ ಪ್ರೋಟೀನಿನ ಹೊದಿಕೆ ಇರುವುದರಿಂದ.

ಇಲ್ಲಿಯವರೆಗಿನದು ನೀರಿನ ಕಥೆ. ಸಿಟ್ರೇಟ್ ಹೊದ್ದ ಕಣವನ್ನು ಟಾಲ್ಯೂಯಿನ್‌ಗೆ ಕಳಿಸಲು ಹೊರಟರೆ ಬರೀ ಕಲಕಿ ಪ್ರಯೋಜನವಿಲ್ಲ. ನೀರಿನ ಅಣುಗಳು ವಿದ್ಯುದಂಶಗಳನ್ನು ಸುತ್ತುವರಿದು ಸಂಭಾಳಿಸಬಲ್ಲವು. ಧನ ಮತ್ತು ಋಣ ಅಂಶಗಳ ನಡುವಿನ ಸೆಳೆತವನ್ನು ನೀರು ಸುಮಾರು 80 ಪಟ್ಟು ತಗ್ಗಿಸುತ್ತದೆ, ಟಾಲ್ಯೂಯಿನ್ ತಗ್ಗಿಸುವುದು ಎರಡೂವರೆ ಪಟ್ಟಿಗಿಂತ ಕಡಿಮೆ. ಅಲ್ಲಿ ಋಣಾವೇಶ ಹೊತ್ತ ಕಣ ತನ್ನ ಸುತ್ತಲಿನ ಧನ ಅಯಾನುಗಳಿಂದ ಬಿಡಿಸಿಕೊಂಡು ನಿಲ್ಲಲಾರದು. ಆವೇಶದ ಬಲದಿಂದ ಬದುಕುವ ಹೊದಿಕೆಗೆ ಎಣ್ಣೆಯಂಥ ದ್ರಾವಕದಲ್ಲಿ ಬೆಲೆಯಿಲ್ಲ.

ಅಲ್ಲಿ ನಡೆಯುವುದು ಇನ್ನೊಂದು ಬಗೆಯದು. ಡೋಡೆಕೇನ್‌ಥಯಾಲ್ ಅಣುವಿನ ಒಂದು ತುದಿಯಲ್ಲಿ ಗಂಧಕ, ಅದರ ಹಿಂದೆ 12 ಇಂಗಾಲದ ಬಾಲ. ಗಂಧಕ ಚಿನ್ನವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬಾಲಗಳು ಹೊರಮುಖವಾಗಿ ಹರಡಿಕೊಳ್ಳುತ್ತವೆ. ಬಾಲದ ಸ್ವಭಾವವೂ ಟಾಲ್ಯೂಯಿನ್‌ನ ಸ್ವಭಾವವೂ ಒಂದೇ ಜಾತಿ, ಎರಡೂ ಹೈಡ್ರೋಕಾರ್ಬನ್‌ಗಳು. ದ್ರಾವಕ ಬಾಲಗಳ ನಡುವೆ ನುಗ್ಗಿ ಅವನ್ನು ಬಿಡಿಸಿ ಇಡುತ್ತದೆ. ಎರಡು ಕಣಗಳು ಸಮೀಪಿಸಿದಾಗ ಬಾಲಗಳಿಗೆ ಜಾಗ ಸಾಲದೆ ಅವು ದೂರ ಸರಿಯುತ್ತವೆ. ವಿದ್ಯುದಂಶದ ಮಾತೇ ಇಲ್ಲ. ಅದೇ ದ್ರವಕ್ಕೆ ಎಥನಾಲ್ ಸುರಿದರೆ ಬಾಲಗಳಿಗೆ ಅದು ಒಗ್ಗುವುದಿಲ್ಲ, ಮುದುಡುತ್ತವೆ, ಕಣಗಳು ಕಪ್ಪಗೆ ತಳಕ್ಕಿಳಿಯುತ್ತವೆ. ತೊಳೆದು ಮತ್ತೆ ಟಾಲ್ಯೂಯಿನ್ ಹಾಕಿದರೆ ಮತ್ತೆ ಕರಗುತ್ತವೆ.

5 ನ್ಯಾನೋಮೀಟರ್ ಅಡ್ಡಳತೆಯ ಚಿನ್ನದ ಕಣವೊಂದರಲ್ಲಿ ಸುಮಾರು 3,900 ಪರಮಾಣುಗಳಿರುತ್ತವೆ. ಅದರ ಮೇಲ್ಮೈ ತುಂಬಲು ಹೆಚ್ಚೂಕಡಿಮೆ 400 ಥಯಾಲ್ ಅಣುಗಳು ಬೇಕು. ಬಾಲದ ಉದ್ದ ಸುಮಾರು ಒಂದೂವರೆ ನ್ಯಾನೋಮೀಟರ್ ಎಂದಿಟ್ಟುಕೊಂಡರೆ ಹೊದಿಕೆ ಸಮೇತ ಕಣದ ಅಡ್ಡಳತೆ 8 ನ್ಯಾನೋಮೀಟರ್ ಆಗುತ್ತದೆ. ಗಾತ್ರದ ಲೆಕ್ಕ ಹಾಕಿ ನೋಡಿ: ಅದರಲ್ಲಿ ಚಿನ್ನ ಕಾಲು ಭಾಗ, ಮುಕ್ಕಾಲು ಭಾಗ ಹೊದಿಕೆ. ನಾವು ‘ಚಿನ್ನದ ಕಣ’ ಎಂದು ಕರೆಯುತ್ತಿರುವುದು ಬಹುಪಾಲು ಚಿನ್ನವೇ ಅಲ್ಲ.

ಇಂಥ ಕಣಗಳನ್ನು ನೇರವಾಗಿ ಎಣ್ಣೆಯ ಪದರದಲ್ಲೇ ಹುಟ್ಟಿಸುವ ದಾರಿ ತೋರಿಸಿದವರು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಮಥಿಯಾಸ್ ಬ್ರಸ್ಟ್, ಡೇವಿಡ್ ಶಿಫ್ರಿನ್ ಮತ್ತವರ ತಂಡ, 1994ರಲ್ಲಿ. ಮೊದಲು ಚಿನ್ನದ ಅಯಾನನ್ನು ನೀರಿನಿಂದ ಟಾಲ್ಯೂಯಿನ್‌ಗೆ ಎತ್ತಲು ಅವರು ಉದ್ದ ಬಾಲಗಳ ಅಮೋನಿಯಂ ಲವಣವೊಂದನ್ನು ಬಳಸಿದರು, ಆಮೇಲೆ ಥಯಾಲ್ ಸೇರಿಸಿ ಚಿನ್ನವನ್ನು ಲೋಹವಾಗಿಸಿದರು. ಸಿಕ್ಕ ಕಣಗಳು 1ರಿಂದ 3 ನ್ಯಾನೋಮೀಟರ್. ಅವನ್ನು ಒಣಗಿಸಿ ಪುಡಿ ಮಾಡಿ ಸೀಸೆಯಲ್ಲಿಟ್ಟು, ಬೇಕಾದಾಗ ಮತ್ತೆ ಕರಗಿಸಿಕೊಳ್ಳಬಹುದಿತ್ತು. ಸಿಟ್ರೇಟ್ ಕಣಗಳಿಗೆ ಈ ಭಾಗ್ಯವಿಲ್ಲ, ಒಣಗಿಸಿದರೆ ಅವು ಹಾಳು. ಜೊತೆಗೆ ಆ ವಿಧಾನದ ಒಂದು ಲೀಟರ್ ಕೆಂಪು ನೀರಿನಲ್ಲಿ ಚಿನ್ನ ಇರುವುದು ಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು.

ಹಾಗಾದರೆ ನೀರಿನಲ್ಲಿ ಹುಟ್ಟಿದ ಕಣ ದಾಟುವುದು ಹೇಗೆ? ಥಯಾಲ್ ನೀರಿನಲ್ಲಿ ಕರಗುವುದಿಲ್ಲ, ಕಣ ಟಾಲ್ಯೂಯಿನ್‌ಗೆ ಬರುವುದಿಲ್ಲ. ಇಬ್ಬರೂ ಭೇಟಿಯಾಗಲು ಇರುವುದು ಎರಡು ದ್ರವಗಳ ನಡುವಿನ ಗಡಿಯೊಂದೇ. ಜೋರಾಗಿ ಕಲಕುವುದು ಆ ಗಡಿಯ ವಿಸ್ತಾರ ಹೆಚ್ಚಿಸಲಿಕ್ಕೆ. ಎರಡರಲ್ಲೂ ಬೆರೆಯುವ ಅಸಿಟೋನ್ ಅಥವಾ ಆಲ್ಕೊಹಾಲ್ ಸೇರಿಸಿದರೆ ಥಯಾಲ್ ಕಣದ ಬಳಿ ಹೋಗುವುದು ಸುಲಭವಾಗುತ್ತದೆ. ಜಕ್ಕೂರಿನ ಪ್ರಯೋಗದಲ್ಲಿ ಆಮ್ಲದ ಪಾತ್ರ ಕಣಗಳನ್ನು ನೀರಿಗೆ ಕಟ್ಟಿಹಾಕಿದ್ದ ಆವೇಶದ ಹಿಡಿತ ಸಡಿಲಿಸುವುದು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಸಾಸ್ತ್ರಿ ಮತ್ತು ಸಂಗಡಿಗರು ಗಂಧಕದ ಬದಲು ಸಾರಜನಕದ ತುದಿಯಿರುವ ಉದ್ದ ಬಾಲದ ಅಮೈನ್‌ಗಳಿಂದಲೂ ಇದನ್ನು ಸಾಧಿಸಿದರು. ಇಂಥ ವಿಧಾನಗಳ ಕುರಿತ ಸಾಸ್ತ್ರಿಯವರ ಸಮೀಕ್ಷೆ 2003ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟವಾಯಿತು. ಈ ಕ್ಷೇತ್ರದಲ್ಲಿ ಭಾರತೀಯ ಪ್ರಯೋಗಾಲಯಗಳು ಮಾಡಿದ ಕೆಲಸ ಹೆಮ್ಮೆಪಡುವಂಥದ್ದು.

ದಾಟುವಾಗ ಎಲ್ಲವೂ ಸಲೀಸಲ್ಲ. ಹಳೆಯ ಹೊದಿಕೆ ಅರ್ಧ ಹೋಗಿ ಹೊಸದು ಅರ್ಧ ಬಂದಿರುವಾಗ ಕಣ ಗಡಿಯಲ್ಲೇ ಸಿಕ್ಕಿಬೀಳುತ್ತದೆ. 10 ನ್ಯಾನೋಮೀಟರ್ ಕಣ ನೀರು ಮತ್ತು ಟಾಲ್ಯೂಯಿನ್ ಎರಡಕ್ಕೂ ಸಮನಾಗಿ ಒಲಿದಿದ್ದರೆ ಅದನ್ನು ಗಡಿಯಿಂದ ಕೀಳಲು ಅಣುಗಳ ಸಹಜ ಅಲುಗಾಟದ ಶಕ್ತಿಗಿಂತ ನೂರಾರು ಪಟ್ಟು ಹೆಚ್ಚು ಶಕ್ತಿ ಬೇಕು. ಎರಡು ದ್ರವಗಳ ನಡುವೆ ತೆಳ್ಳನೆಯ, ಲೋಹದ ಹೊಳಪಿನ ಪೊರೆ ಕಾಣಿಸಿಕೊಂಡರೆ ವರ್ಗಾವಣೆ ನಡುದಾರಿಯಲ್ಲಿ ನಿಂತಿದೆ ಎಂದರ್ಥ. ವರ್ಗಾವಣೆಯೇ ಬೇಕಿದ್ದವರಿಗೆ ಇದು ಸೋಲು. ಆದರೆ ಗಡಿಯಲ್ಲೇ ಪೊರೆ ಬೆಳೆಸುವುದನ್ನೇ ರಾವ್, ಕುಲಕರ್ಣಿ ಮತ್ತು ಸಂಗಡಿಗರು 2003ರ ಸುಮಾರಿಗೆ ಒಂದು ವಿಧಾನವನ್ನಾಗಿ ರೂಪಿಸಿದರು. ಟಾಲ್ಯೂಯಿನ್‌ನಲ್ಲಿ ಚಿನ್ನದ ಸಂಯುಕ್ತ, ನೀರಿನಲ್ಲಿ ಅದನ್ನು ಲೋಹವಾಗಿಸುವ ರಾಸಾಯನಿಕ ಇಟ್ಟು, ಕಲಕದೆ ಬಿಟ್ಟು, ನಡುವೆ ನ್ಯಾನೋಕಣಗಳ ಪೊರೆ ಮೂಡಿಸಿದರು.

ಕಣ ದೊಡ್ಡದಾದಂತೆ ಕಷ್ಟವೂ ಬೆಳೆಯುತ್ತದೆ. ಒಳಗಿನ ಲೋಹಗಳ ನಡುವಿನ ಸೆಳೆತ ಗಾತ್ರದೊಂದಿಗೆ ಹೆಚ್ಚುತ್ತದೆ, ಒಂದೂವರೆ ನ್ಯಾನೋಮೀಟರಿನ ಬಾಲ ಅದನ್ನು ತಡೆಯಲು ಸಾಲುವುದಿಲ್ಲ. ಆದ್ದರಿಂದ ಹತ್ತಾರು ನ್ಯಾನೋಮೀಟರ್ ಕಣಗಳಿಗೆ ಪಾಲಿಎಥಿಲೀನ್ ಗ್ಲೈಕಾಲ್‌ನಂಥ ಉದ್ದನೆಯ ಪಾಲಿಮರ್ ತೊಡಿಸುತ್ತಾರೆ. ಈ ಪಾಲಿಮರ್ ನೀರಿಗೂ ಒಗ್ಗುತ್ತದೆ, ಟಾಲ್ಯೂಯಿನ್‌ಗೂ ಒಗ್ಗುತ್ತದೆ. ಹಾಗೆಂದು ಬಾಲ ಉದ್ದವಾದಷ್ಟೂ ಒಳ್ಳೆಯದೆಂಬ ನಿಯಮವೇನೂ ಇಲ್ಲ. ಸಣ್ಣ ಕಣಗಳಲ್ಲಿ ತೀರಾ ಉದ್ದದ ಬಾಲಗಳು ತಂಪಿಗೆ ಸಾಲುಗಟ್ಟಿ ಹೆಪ್ಪುಗೊಂಡು ಪಕ್ಕದ ಕಣದ ಬಾಲಗಳಿಗೇ ಅಂಟಿಕೊಳ್ಳುವುದುಂಟು. ಕಾಪಾಡಬೇಕಾದ ಹೊದಿಕೆಯೇ ಆಗ ಕಣಗಳನ್ನು ಗುಂಪುಗೂಡಿಸುತ್ತದೆ.

ಹಿಂದಿರುಗುವ ದಾರಿಯೂ ಇದೆ, ವೈದ್ಯಕೀಯಕ್ಕೆ ಬೇಕಾಗಿರುವುದು ಅದೇ. ಒಂದೇ ಗಾತ್ರದ ಅಚ್ಚುಕಟ್ಟಾದ ಕಣಗಳು ಅನೇಕ ಲೋಹಗಳಲ್ಲಿ ಎಣ್ಣೆಯಂಥ ದ್ರಾವಕಗಳಲ್ಲೇ ಚೆನ್ನಾಗಿ ಹುಟ್ಟುತ್ತವೆ. ನಮ್ಮ ದೇಹದಲ್ಲಿರುವುದೋ ಉಪ್ಪು ನೀರು. 2001ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್ ಬಳಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಡೇವಿಡ್ ಗಿಟಿನ್ಸ್ ಮತ್ತು ಫ್ರಾಂಕ್ ಕರೂಸೊ, ಅಮೋನಿಯಂ ಲವಣ ಹೊದ್ದ ಚಿನ್ನದ ಕಣಗಳಿದ್ದ ಟಾಲ್ಯೂಯಿನ್‌ಗೆ ಡೈಮಿಥೈಲ್‌ಅಮೈನೋಪಿರಿಡಿನ್ ಎಂಬ ಪುಟ್ಟ ಅಣುವಿನ ನೀರಿನ ದ್ರಾವಣ ಸೇರಿಸಿದರು. ಕಣಗಳು ತಾವಾಗಿಯೇ ನೀರಿಗಿಳಿದವು. ಹಳೆಯ ಹೊದಿಕೆ ಸಡಿಲವಾಗಿದ್ದುದರಿಂದ ಹೊಸ ಅಣು ಅದರ ಜಾಗ ಹಿಡಿಯಿತು. 2003ರಲ್ಲಿ ಪ್ರಕಟವಾದ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಅದರಲ್ಲಿ ಹಳೆಯ ಹೊದಿಕೆಯನ್ನು ಕೀಳುವುದೇ ಇಲ್ಲ. ಪಿಷ್ಟದಿಂದ ಪಡೆಯುವ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಸಕ್ಕರೆಯ ಉಂಗುರಕ್ಕೆ ಹೊರಗೆ ನೀರಿನ ಒಲವು, ಒಳಗೆ ಎಣ್ಣೆಯ ಒಲವು. ಓಲಿಕ್ ಆಮ್ಲ ಹೊದ್ದ ಬೆಳ್ಳಿಯ ಕಣಗಳ ಬಾಲಗಳು ಈ ಉಂಗುರದೊಳಗೆ ತೂರಿಕೊಂಡವು, ಕಣಗಳು ಹೆಕ್ಸೇನ್ ಬಿಟ್ಟು ನೀರಿಗೆ ಬಂದವು.

ಎಲ್ಲಿಗೆ ಒಯ್ಯಬೇಕೆಂಬುದು ಉಪಯೋಗದ ಮೇಲೆ ಹೋಗುತ್ತದೆ. ವಿದ್ಯುತ್ ಹರಿಸುವ ಬೆಳ್ಳಿಯ ಶಾಯಿಯಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಸರ್ಕ್ಯೂಟ್ ಅಚ್ಚು ಹಾಕುವವರಿಗೆ ಬೇಗ ಆರುವ ದ್ರಾವಕ ಬೇಕು, ಮೇಲಾಗಿ ಬಿಸಿ ತಗುಲಿದೊಡನೆ ಹೊದಿಕೆ ಬಿಟ್ಟುಹೋಗಬೇಕು, ಇಲ್ಲವಾದರೆ ಬೆಳ್ಳಿಗೆ ಬೆಳ್ಳಿ ತಾಗುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆಂದು ಅಧ್ಯಯನ ನಡೆಯುತ್ತಿರುವ ಚಿನ್ನದ ನ್ಯಾನೋಕಡ್ಡಿಗಳು ಹುಟ್ಟುವುದು ಸಿಟಿಎಬಿ ಎಂಬ ಸೋಪಿನಂಥ ಅಣುವಿನ ಹೊದಿಕೆಯಲ್ಲಿ. ಅದು ಜೀವಕೋಶಗಳಿಗೆ ವಿಷ. ಅದನ್ನು ಪೂರ್ತಿ ತೆಗೆದು ಬೇರೆ ಹೊದಿಸದೆ ಚಿನ್ನ ದೇಹಕ್ಕೆ ಕ್ಷೇಮವೋ ಅಲ್ಲವೋ ಎಂದು ಚರ್ಚಿಸುವುದು ಅರ್ಥವಿಲ್ಲದ ಮಾತು.

ಹೊದಿಕೆಯ ಬದಲಾವಣೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಲ್ಲುವುದೂ ಇಲ್ಲ. ರಕ್ತಕ್ಕೆ ಸೇರಿದ ಕಣಕ್ಕೆ ಕ್ಷಣಗಳಲ್ಲಿ ಪ್ರೋಟೀನುಗಳು ಮುತ್ತಿಕೊಳ್ಳುತ್ತವೆ, ಕೆರೆ ಹೊಳೆಗಳಿಗೆ ಸೇರಿದ ಕಣಕ್ಕೆ ಕೊಳೆತ ಎಲೆಗಳಿಂದ ಬಂದ ಹ್ಯೂಮಿಕ್ ಆಮ್ಲಗಳು ಅಂಟುತ್ತವೆ. ಬೆಳ್ಳಿಯಾದರೆ ಗಂಧಕದೊಂದಿಗೆ ಸೇರಿ ಸಿಲ್ವರ್ ಸಲ್ಫೈಡ್ ಪದರವೇ ಬೆಳೆಯುತ್ತದೆ. ಮಾರಿದವರು ತೊಡಿಸಿದ ಹೊದಿಕೆ ಒಂದು, ಪರಿಸರ ತೊಡಿಸಿದ್ದು ಇನ್ನೊಂದು.

ಕಾಲುಚೀಲದಿಂದ ಹಿಡಿದು ಗಾಯದ ಪಟ್ಟಿಯವರೆಗೆ ‘ನ್ಯಾನೋ ಸಿಲ್ವರ್’ ಎಂಬ ಮಾತು ಈಗ ಪೊಟ್ಟಣಗಳ ಮೇಲೆ ಬರುತ್ತಿದೆ. ಲೋಹದ ಹೆಸರು ಇರುತ್ತದೆ, ಕೆಲವೊಮ್ಮೆ ಗಾತ್ರವೂ ಇರುತ್ತದೆ, ಹೊದಿಕೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕಣ ನೀರಿಗೆ ಹೋಗುತ್ತದೋ ಕೊಬ್ಬಿಗೆ ಹೋಗುತ್ತದೋ, ಬಿಡಿಯಾಗಿರುತ್ತದೋ ಮುದ್ದೆಯಾಗುತ್ತದೋ ಎಂಬುದನ್ನೆಲ್ಲ ನಿರ್ಧರಿಸುವ ವಸ್ತುವನ್ನೇ ಹೇಳದೆ ಬಿಟ್ಟ ಮಾಹಿತಿ ಅರೆಬರೆ ಮಾಹಿತಿ. ತಯಾರಕರು ಅದನ್ನು ಮುದ್ರಿಸುವಂತೆ ನಿಯಮ ಬರಬೇಕು. ಅಲ್ಲಿಯವರೆಗೆ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಪತ್ರಿಕೆಯಲ್ಲಿ ನ್ಯಾನೋಕಣದ ಮಾತು ಬಂದಾಗ ಅದರ ಹೊದಿಕೆ ಯಾವುದು ಎಂದು ದಯವಿಟ್ಟು ಕೇಳಿ.