ಸುದ್ದಿಗೊಂದು ತಾರೀಖು, ಮಾತಿಗೊಂದು ಸಹಿ

ಐರೋಲಿಯ ಹಳಬರಿಗೆ ಆ ದಿನಗಳು ನೆನಪಿರಬಹುದು. ಖಾಡಿಯ ಮೇಲೆ ಮುಲುಂಡ್ ಕಡೆಗೆ ಸೇತುವೆಯಾದದ್ದು 1999ರಲ್ಲಿ. ಥಾಣೆ-ವಾಶಿ ಮಾರ್ಗದಲ್ಲಿ ಲೋಕಲ್ ರೈಲು ಓಡಲು ಆರಂಭಿಸಿದ್ದು 2004ರಲ್ಲಿ. ಅದಕ್ಕೂ ಮುಂಚೆ ಇಲ್ಲಿಂದ ಡೊಂಬಿವಲಿಯ ಬಂಧುಗಳ ಮನೆಗೆ ಹೋಗಿ ಬರುವುದೆಂದರೆ ಒಂದು ಭಾನುವಾರ ಪೂರ್ತಿ ಬೇಕಾಗುತ್ತಿತ್ತು. ಆ ಕಾಲದಲ್ಲಿ ಸಂಘದ ಸಭೆಯ ಸೂಚನೆ ಅಂಚೆ ಕಾರ್ಡಿನಲ್ಲಿ ಹೋಗುತ್ತಿತ್ತು. ರಾತ್ರಿ ಊಟ ಮುಗಿಸಿ ಕಾರ್ಯದರ್ಶಿಗಳ ಮನೆಯಲ್ಲಿ ನಾಲ್ಕೈದು ಮಂದಿ ಕುಳಿತು ವಿಳಾಸ ಬರೆಯುತ್ತಿದ್ದೆವು. ಕಾರ್ಡಿನ ಬಲಮೂಲೆಯಲ್ಲಿ ತಾರೀಖು, ಕೆಳಗೆ ಕಾರ್ಯದರ್ಶಿಗಳ ಸಹಿ. ಅದರ ಮೇಲೆ ಅಂಚೆಯವರ ಮುದ್ರೆ ಬೇರೆ. ಕಾರ್ಯಕ್ರಮ ಮುಗಿದ ಮೇಲೆ ಅದರ ವರದಿಯನ್ನು 'ಕರ್ನಾಟಕ ಮಲ್ಲ'ಕ್ಕೂ 'ಉದಯವಾಣಿ'ಗೂ ಕಳುಹಿಸಿ, ಅಚ್ಚಾಗುವವರೆಗೆ ದಿನವೂ ಬೆಳಿಗ್ಗೆ ಪುಟ ತಿರುವಿ ನೋಡುವುದು ನಮ್ಮ ಪರಿಪಾಠವಾಗಿತ್ತು.

ಇಂದು ಆ ಕೆಲಸವೆಲ್ಲ ಅರ್ಧ ನಿಮಿಷದ್ದು. ಕಾರ್ಯಕಾರಿ ಸಮಿತಿಗೆ ಒಂದು ವಾಟ್ಸಾಪ್ ಗುಂಪು, ಮಹಿಳಾ ವಿಭಾಗಕ್ಕೆ ಒಂದು, ಯುವ ವಿಭಾಗಕ್ಕೆ ಒಂದು, ಭಜನಾ ಮಂಡಳಿಗೆ ಮತ್ತೊಂದು. 2009ರಲ್ಲಿ ಹುಟ್ಟಿದ ಈ ವಾಟ್ಸಾಪಿನ ಒಂದು ಗುಂಪಿನಲ್ಲಿ ಒಂದು ಕಾಲಕ್ಕೆ ನೂರು ಮಂದಿಗಷ್ಟೇ ಸ್ಥಳವಿತ್ತು. 2016ರಲ್ಲಿ ಅದು 256 ಆಯಿತು, 2022ರಲ್ಲಿ 1024ಕ್ಕೆ ಏರಿತು. ಒಂದು ಮಧ್ಯಮ ಗಾತ್ರದ ಸಂಘದ ಇಡೀ ಸದಸ್ಯ ಬಳಗ ಒಂದೇ ಗುಂಪಿನಲ್ಲಿ ಹಿಡಿಯುತ್ತದೆ. ಸಭಾಗೃಹದಲ್ಲಿ ಎಂದೂ ಅಷ್ಟು ಜನ ಸೇರಿದ್ದನ್ನು ನಾನಂತೂ ಕಂಡಿಲ್ಲ.

ಉಪಕಾರವನ್ನು ಮರೆಯಬಾರದು

ಸಾಮಾಜಿಕ ಜಾಲತಾಣವೆಂದರೆ ಹಿರಿಯರು ಮೂಗು ಮುರಿಯುವುದು ಸಹಜ. ಆದರೆ ಅದರಿಂದಾದ ಉಪಕಾರವನ್ನೂ ಒಪ್ಪಿಕೊಳ್ಳಬೇಕು. 2019ರ ಜುಲೈ 26ರ ರಾತ್ರಿ ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನಮ್ಮ ಕಲ್ಯಾಣದಾಚೆ ಬದ್ಲಾಪುರ-ವಾಂಗಣಿ ನಡುವೆ ನೆರೆನೀರಿನಲ್ಲಿ ಸಿಲುಕಿಕೊಂಡಿತು. ಒಳಗಿದ್ದ ಪ್ರಯಾಣಿಕರು ಮೊಬೈಲಿನಲ್ಲಿ ತೆಗೆದು ಕಳುಹಿಸಿದ ಚಿತ್ರಗಳನ್ನು ಬೆಳಗಾಗುವಷ್ಟರಲ್ಲಿ ದೇಶವೇ ನೋಡುತ್ತಿತ್ತು. ವಿಪತ್ತು ನಿರ್ವಹಣಾ ಪಡೆ, ನೌಕಾಪಡೆ ಮತ್ತು ಸ್ಥಳೀಯರು ಸೇರಿ ಎಲ್ಲರನ್ನೂ ಪಾರು ಮಾಡಿದರು. ಅಂದು ನಮ್ಮ ಕೈಗೆ ಬಂದ ಸಂದೇಶಗಳಲ್ಲಿ ಪ್ರಯಾಣಿಕರ ಸಂಖ್ಯೆ ಒಂದರಲ್ಲಿ ಏಳುನೂರು, ಇನ್ನೊಂದರಲ್ಲಿ ಎರಡು ಸಾವಿರ. ಕೊನೆಗೆ ರೈಲ್ವೆಯವರು ಹೇಳಿದ ಲೆಕ್ಕ ಸುಮಾರು 1050. ಚಿತ್ರ ಬೇಗ ಬಂತು, ಲೆಕ್ಕ ಬರಲು ಸಂಜೆಯಾಯಿತು. ಎರಡಕ್ಕೂ ಅದರದ್ದೇ ಆದ ವೇಗವಿದೆ ಎಂಬುದನ್ನು ನಾವು ಮರೆಯುತ್ತೇವೆ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗಲೂ ಹಾಗೆಯೇ. ಲೋಕಲ್ ರೈಲಿಲ್ಲ, ಸಭಾಗೃಹಕ್ಕೆ ಬೀಗ. ಮಕ್ಕಳು ಪರದೇಶದಲ್ಲಿದ್ದು ಇಲ್ಲಿ ಒಂಟಿಯಾಗಿದ್ದ ವೃದ್ಧರಿಗೆ ಔಷಧ ತಲುಪಿಸಿದ್ದು, ಕೆಲಸ ನಿಂತ ಹೋಟೆಲ್ ಕಾರ್ಮಿಕರಿಗೆ ಅಕ್ಕಿ ಬೇಳೆ ಹಂಚಿದ್ದು ಇದೇ ಗುಂಪುಗಳ ಬಲದಿಂದ. ವರ್ಷಕ್ಕೊಮ್ಮೆ ಮಹಾಸಭೆಗೆ ಮಾತ್ರ ಮುಖ ತೋರಿಸುತ್ತಿದ್ದವರೂ ಆಗ ಪ್ರತಿದಿನ ವಿಚಾರಿಸಿಕೊಂಡರು.

ನನ್ನದೇ ಒಂದು ತಪ್ಪು

ಇಷ್ಟು ಹೇಳಿದ ಮೇಲೆ ನನ್ನ ಅನುಭವವೊಂದನ್ನು ವಾಚಕರ ಮುಂದಿಡುತ್ತೇನೆ. ಇದನ್ನು ಬರೆಯಲು ಸ್ವಲ್ಪ ಸಂಕೋಚವಿದೆ.

ಕೆಲವು ವರ್ಷಗಳ ಹಿಂದೆ, ನಮ್ಮ ಬಳಗದ ಹಿರಿಯರೊಬ್ಬರಿಗೆ ತುರ್ತು ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಅವರದು ಬಿ ನೆಗೆಟಿವ್ ರಕ್ತ, ಸುಲಭವಾಗಿ ಸಿಗುವಂಥದ್ದಲ್ಲ. ಅವರ ಮಗ ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದ. ನಾನು ಕೂಡಲೇ ಸಂದೇಶ ಬರೆದೆ: ಬಿ ನೆಗೆಟಿವ್ ರಕ್ತ ತುರ್ತಾಗಿ ಬೇಕಾಗಿದೆ, ದಯವಿಟ್ಟು ಎಲ್ಲರಿಗೂ ಕಳುಹಿಸಿ, ಈ ನಂಬರಿಗೆ ಸಂಪರ್ಕಿಸಿ. ಮಗನ ನಂಬರು ಹಾಕಿದೆ. ನಾಲ್ಕು ಗುಂಪುಗಳಿಗೆ ಕಳುಹಿಸಿದೆ.

ಎರಡು ಗಂಟೆಯೊಳಗೆ ಡೊಂಬಿವಲಿಯಿಂದ ಒಬ್ಬ, ಕಲ್ಯಾಣದಿಂದ ಇಬ್ಬರು ಯುವಕರು ಆಸ್ಪತ್ರೆಯ ಬಾಗಿಲಲ್ಲಿದ್ದರು. ಅವರಲ್ಲಿ ಇಬ್ಬರಿಗೆ ಕನ್ನಡವೇ ಬರುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಸಾಂಗವಾಗಿ ನಡೆಯಿತು. ಮುಂದಿನ ಸಭೆಯಲ್ಲಿ ನಾನು ಇದನ್ನು ಹೆಮ್ಮೆಯಿಂದ ಹೇಳಿಕೊಂಡೆ, ಚಪ್ಪಾಳೆಯೂ ಬಿತ್ತು.

ಒಂದೂವರೆ ವರ್ಷದ ನಂತರ ಆ ಹಿರಿಯರು ಬೇರೊಂದು ಕಾಯಿಲೆಯಿಂದ ತೀರಿಕೊಂಡರು. ಹದಿಮೂರನೆಯ ದಿನ ಅವರ ಮನೆಗೆ ಹೋಗಿದ್ದೆ. ಎಲೆ ಹಾಕುವ ಹೊತ್ತಿಗೆ ಮಗನ ಫೋನು ಬಾರಿಸಿತು. ಅವನು ಬಾಲ್ಕನಿಗೆ ಹೋಗಿ ಹಿಂದಿಯಲ್ಲಿ ಎರಡು ಮಾತಾಡಿ ಹಿಂದಿರುಗಿದ. ಯಾರೆಂದು ಕೇಳಿದೆ. "ನಾಗಪುರದಿಂದ, ಅಂಕಲ್. ತಂದೆಗೆ ರಕ್ತ ಇನ್ನೂ ಬೇಕಾ ಅಂತ ಕೇಳಿದರು. ವಾರಕ್ಕೆ ಒಂದಾದರೂ ಬರುತ್ತದೆ. ಒಳ್ಳೆಯ ಜನ, ಏನೆಂದು ಬಯ್ಯುವುದು?" ಎಂದ.

ನಾನು ಬರೆದ ಆ ಸಂದೇಶ ಒಂದೂವರೆ ವರ್ಷದಿಂದ ಊರೂರು ಸುತ್ತುತ್ತಿತ್ತು. ಅದರಲ್ಲಿ ತಾರೀಖಿರಲಿಲ್ಲ. ಬರೆದವನ ಹೆಸರಿರಲಿಲ್ಲ. ರಕ್ತ ಸಿಕ್ಕಿದ ಮೇಲೆ 'ಸಿಕ್ಕಿತು, ಇನ್ನು ಕಳುಹಿಸಬೇಡಿ' ಎಂದು ನಾನು ತಿಳಿಸಿರಲೂ ಇಲ್ಲ. ಆ ಮಾತನ್ನು ಅಂದು ಹುಡುಗನಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಒಂದು ತಾರೀಖು ಹಾಕಿದ್ದರೆ ಸಾಕಿತ್ತು ಅಂಕಲ್" ಎಂದಷ್ಟೇ ಹೇಳಿದ. ಮುಂದಿನ ತಿಂಗಳು ಅವನು ನಂಬರು ಬದಲಾಯಿಸಿದ. ಅಂಚೆ ಕಾರ್ಡಿನ ಕಾಲದಲ್ಲಿ ನಾನೇ ನೂರಾರು ಕಾರ್ಡುಗಳ ಮೂಲೆಯಲ್ಲಿ ತಪ್ಪದೆ ತಾರೀಖು ಬರೆದವನು. ಕೈಗೆ ಫೋನು ಬಂದಾಗ ಆ ಅಭ್ಯಾಸ ಎಲ್ಲಿ ಹೋಯಿತು?

ಬಾಲ ಕತ್ತರಿಸಿದ ಸುದ್ದಿ

ಒಳ್ಳೆಯ ಉದ್ದೇಶದ ಸಂದೇಶವೇ ಹೀಗೆ ತೊಂದರೆ ಕೊಡಬಲ್ಲುದಾದರೆ ಕೆಟ್ಟ ಸುದ್ದಿಯ ಪಾಡೇನು? 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಈಶಾನ್ಯ ರಾಜ್ಯದವರ ಮೇಲೆ ಹಲ್ಲೆಯಾಗಲಿದೆ ಎಂಬ ಗಾಳಿಸುದ್ದಿ ಎಸ್ಸೆಮ್ಮೆಸ್ ಮೂಲಕ ಹರಡಿ, ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳುಹಿಸದಂತೆ ಕೇಂದ್ರ ಸರಕಾರ ಕೆಲವು ದಿನ ನಿರ್ಬಂಧ ಹೇರಿತು.

2018ರಲ್ಲಿ ಇದೇ ಕತೆ ವಾಟ್ಸಾಪಿನಲ್ಲಿ, ಇನ್ನೂ ಭೀಕರವಾಗಿ. ಮೋಟರ್ ಸೈಕಲಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಒಂದು ದೇಶವಿಡೀ ತಿರುಗಿತು. ನಿಜ ಸಂಗತಿಯೆಂದರೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜನಜಾಗೃತಿಗೆಂದು ತಯಾರಿಸಿದ ಚಿತ್ರ. ಅದರ ಕೊನೆಯಲ್ಲಿ ಅದೇ ಸವಾರರು ಮಗುವನ್ನು ಹಿಂದಕ್ಕೆ ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದ್ದರು. ಎಲ್ಲಿಯದು, ಯಾವಾಗಿನದು, ಯಾರು ಮಾಡಿದ್ದು ಎಂಬುದೆಲ್ಲ ಆ ಕತ್ತರಿಗೆ ಹೋಯಿತು. ಉಳಿದದ್ದು ಭಯ ಮಾತ್ರ.

ಆ ವರ್ಷ ಜುಲೈ 1ರಂದು ನಮ್ಮ ರಾಜ್ಯದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬಲ್ಲಿ, ಭಿಕ್ಷಾಟನೆಗೆ ಬಂದಿದ್ದ ಅಲೆಮಾರಿ ಸಮಾಜದ ಐವರನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದರು. ಎರಡು ವಾರ ಕಳೆಯುವುದರೊಳಗೆ, ಜುಲೈ 13ರಂದು, ಬೀದರ ಜಿಲ್ಲೆಯ ಮುರ್ಕಿ ಗ್ರಾಮ. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ಹಾದಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಸಂಶಯಗೊಂಡ ಜನರಿಂದ ತಪ್ಪಿಸಿಕೊಂಡು ಅವರ ಕಾರು ಹೊರಟಿತು. ಆದರೆ ಕಾರಿಗಿಂತ ಮೊದಲು ಸಂದೇಶ ಮುಂದಿನ ಹಳ್ಳಿ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಕಟ್ಟಿದ್ದರು. ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡ. 2020ರ ಏಪ್ರಿಲ್ 16ರಂದು ಪಾಲ್ಘರ್ ಜಿಲ್ಲೆಯ ಗಡ್‌ಚಿಂಚಲೆಯಲ್ಲಿ ಇಬ್ಬರು ಸಾಧುಗಳು ಮತ್ತು ಅವರ ವಾಹನ ಚಾಲಕನ ಹತ್ಯೆಯಾದಾಗಲೂ ಕಳ್ಳರು ಬಂದಿದ್ದಾರೆಂಬ ವದಂತಿ ಆ ಪ್ರದೇಶದಲ್ಲಿ ಹಬ್ಬಿತ್ತು.

ವಾಟ್ಸಾಪ್ ಕಂಪನಿ 2018ರ ಜುಲೈಯಲ್ಲಿ, ಬಂದ ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸಲಾಗದಂತೆ ನಮ್ಮ ದೇಶದಲ್ಲಿ ಮಿತಿ ತರಲು ಮುಂದಾಯಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಅಂಥ ಸಂದೇಶದ ಮೇಲ್ಭಾಗದಲ್ಲಿ ಜೋಡಿ ಬಾಣದ ಗುರುತು ಕಾಣುತ್ತದೆ. ಕಳುಹಿಸಿದವರು ನಮ್ಮ ಆಪ್ತರೇ ಆಗಿರಬಹುದು, ಬರೆದವರು ಮಾತ್ರ ಅವರಲ್ಲ ಎಂದು ಆ ಬಾಣ ಹೇಳುತ್ತದೆ. ನಮ್ಮ ಎಷ್ಟು ಸದಸ್ಯರು ಅದನ್ನು ಗಮನಿಸಿದ್ದಾರೆ?

ಹೊಣೆ ಯಾರದು?

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಮುಂದೆ 1867ರ ಕಾಯಿದೆ ಬಂದು, ಅಚ್ಚಾದ ಹಾಳೆಯ ಮೇಲೆ ಮುದ್ರಕರ ಹೆಸರೂ ಸ್ಥಳವೂ ಇರಲೇಬೇಕೆಂದಾಯಿತು. 2024ರ ಮಾರ್ಚ್ 1ರಿಂದ ಆ ಕಾಯಿದೆಯ ಸ್ಥಾನಕ್ಕೆ ಹೊಸ ಕಾಯಿದೆ ಬಂದಿದೆ. ಮುಂಬಯಿಯ 'ಮೊಗವೀರ', 'ನೇಸರು', 'ಅಕ್ಷಯ'ದಂಥ ನಮ್ಮ ಸಂಸ್ಥೆಗಳ ಮುಖವಾಣಿಗಳನ್ನು ತೆಗೆದು ನೋಡಿ. ಸಂಪಾದಕರ ಹೆಸರು, ವಿಳಾಸ ಇರುತ್ತದೆ. ತಪ್ಪು ಅಚ್ಚಾದರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿರುತ್ತದೆ. ಮೊಬೈಲಿನಲ್ಲಿ ಬರುವ ಸಂದೇಶಕ್ಕೆ ಬಾಗಿಲೇ ಇಲ್ಲ.

ಹಾಗಾದರೆ ಗುಂಪಿನ ಅಡ್ಮಿನ್‌ನನ್ನು ಹಿಡಿಯೋಣವೇ? ಸದಸ್ಯನೊಬ್ಬ ಹಾಕಿದ್ದಕ್ಕೆ, ಸಮಾನ ಉದ್ದೇಶ ಇತ್ತೆಂದು ತೋರದ ಹೊರತು, ಅಡ್ಮಿನ್ ಹೊಣೆಯಾಗುವುದಿಲ್ಲವೆಂದು ಬೊಂಬಾಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ 2021ರಲ್ಲಿ ಹೇಳಿದೆ. ಅತಿಯಾದ ದಂಡನೆಯ ಫಲವನ್ನೂ ನಾವು ಕಂಡಿದ್ದೇವೆ. 2012ರ ನವೆಂಬರ್‌ನಲ್ಲಿ, ಆಗ ನಮ್ಮ ಥಾಣೆ ಜಿಲ್ಲೆಗೇ ಸೇರಿದ್ದ ಪಾಲ್ಘರ್‌ನಲ್ಲಿ, ಮುಂಬಯಿ ಬಂದ್ ಕುರಿತ ಒಂದು ಫೇಸ್‌ಬುಕ್ ಬರಹಕ್ಕಾಗಿ ಇಬ್ಬರು ಯುವತಿಯರ ಬಂಧನವಾಯಿತು. ಒಬ್ಬಾಕೆ ಬರೆದಿದ್ದಳು, ಇನ್ನೊಬ್ಬಾಕೆ ಅದಕ್ಕೆ 'ಲೈಕ್' ಒತ್ತಿದ್ದಳಷ್ಟೆ. ಆ ಪ್ರಕರಣದಿಂದ ಎದ್ದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ರದ್ದಾಯಿತು. ಪೊಲೀಸರ ಲಾಠಿಯಿಂದ ಈ ಕಾಯಿಲೆ ಗುಣವಾಗುವುದಿಲ್ಲ. ಹೊಣೆಯನ್ನು ನಾವೇ ಹೊರಬೇಕು.

ಸಂಘಗಳ ಮಟ್ಟಿಗೆ ಇನ್ನೊಂದು ಮಾತು. ಈಚೆಗೆ ಅನೇಕ ನಿರ್ಣಯಗಳು ಫೋನಿನಲ್ಲೇ ಆಗಿಹೋಗುತ್ತವೆ. ಹತ್ತು ಮಂದಿ ಹೆಬ್ಬೆರಳಿನ ಚಿತ್ರ ಒತ್ತಿದರೆ 'ಸರ್ವಾನುಮತ' ಎನ್ನುತ್ತೇವೆ. ಸಾಧಾರಣ ಫೋನು ಇಟ್ಟುಕೊಂಡ ಹಿರಿಯ ಸದಸ್ಯರಿಗೆ ಅದು ತಿಳಿಯುವುದೇ ಇಲ್ಲ. ಈ ಸಂಘವನ್ನು ಕಟ್ಟಲು ಬಸ್ಸಿನಲ್ಲಿ ನೇತಾಡಿಕೊಂಡು ಮನೆಮನೆ ತಿರುಗಿದವರು ಅವರೇ. ಮೊದಲು ನಾಲ್ಕು ಗೋಡೆಯೊಳಗೆ ಮುಗಿಯುತ್ತಿದ್ದ ಭಿನ್ನಾಭಿಪ್ರಾಯ ಈಗ ನೂರಾರು ಮಂದಿಯ ಎದುರು ರಾತ್ರಿ ಹನ್ನೊಂದರವರೆಗೆ ನಡೆದು, ಕೊನೆಗೆ 'ಗುಂಪು ತೊರೆದರು' ಎಂಬಲ್ಲಿಗೆ ನಿಲ್ಲುತ್ತದೆ. ಗುಂಪು ತೊರೆದವರು ಕ್ರಮೇಣ ಸಂಘಕ್ಕೂ ಬರುವುದಿಲ್ಲ.

ನಮ್ಮಿಂದ ಆಗುವಂಥದ್ದು

ರಕ್ತದ ಆ ಪ್ರಸಂಗದ ನಂತರ ನಾನು ಕೆಲವು ನಿಯಮ ಹಾಕಿಕೊಂಡಿದ್ದೇನೆ. ಯಾವ ಮನವಿ ಬರೆದರೂ ಮೊದಲ ಸಾಲಿನಲ್ಲಿ ತಾರೀಖು ಮತ್ತು ಸಮಯ, ಕೊನೆಯಲ್ಲಿ ನನ್ನ ಹೆಸರು. 'ಇಂದು ಸಂಜೆಯವರೆಗೆ ಮಾತ್ರ' ಎಂದು ಗಡುವು. ಕೆಲಸ ಮುಗಿದ ಕೂಡಲೇ 'ಮುಗಿಯಿತು' ಎಂಬ ಸಂದೇಶ. ಮರಣವಾರ್ತೆಯಾದರೆ ಮನೆಯವರಲ್ಲಿ ಒಬ್ಬರೊಡನೆ ಮಾತನಾಡದೆ ದಾಟಿಸುವುದಿಲ್ಲ. ಜೋಡಿ ಬಾಣ ಕಂಡರೆ ನನ್ನ ಹೆಬ್ಬೆರಳು ಅಲ್ಲಿಗೇ ನಿಲ್ಲುತ್ತದೆ.

ಸಂಘದ ಕಾರ್ಯಕಾರಿ ಸಮಿತಿಯೂ ಇದನ್ನು ಯೋಚಿಸಬೇಕೆಂದು ನನ್ನ ವಿನಂತಿ. ಸಭೆಯ ಸೂಚನೆ ಕಾರ್ಯದರ್ಶಿಗಳಿಂದಲೇ ಬರಲಿ, ಫಲಕದ ಮೇಲೂ ಬೀಳಲಿ. ವಾಟ್ಸಾಪ್ ಇಲ್ಲದ ಹಿರಿಯರ ಪಟ್ಟಿ ಮಾಡಿ, ಯುವ ವಿಭಾಗದ ಒಬ್ಬೊಬ್ಬರು ಐದೈದು ಮನೆಗೆ ಫೋನ್ ಮಾಡುವ ಹೊಣೆ ಹೊರಲಿ. ಫೋನಿನಲ್ಲಿ ಚರ್ಚೆ ನಡೆಯಲಿ, ನಿರ್ಣಯ ಮಾತ್ರ ಸಭೆಯಲ್ಲಿ ಆಗಿ ನಡಾವಳಿ ಪುಸ್ತಕಕ್ಕೆ ಏರಲಿ. ಮುಂದೆ ಯಾರಾದರೂ ನಮ್ಮ ಸಂಘದ ಇತಿಹಾಸ ಬರೆಯಲು ಕುಳಿತರೆ ಅವರ ಕೈಗೆ ಸಿಗುವುದು ಆ ಪುಸ್ತಕ ಮತ್ತು ಈ ಪತ್ರಿಕೆಯ ಹಳೆಯ ಸಂಚಿಕೆಗಳು. ಹಳೆಯ ಫೋನಿನೊಡನೆ ಹೋದ ಸಂದೇಶಗಳು ಸಿಗಲಾರವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆಗ ಆಡಿದ ಮಾತು ಹತ್ತು ಮಂದಿಯ ಕಿವಿಗೆ ಬಿದ್ದು ಅಲ್ಲಿಗೆ ಮುಗಿಯುತ್ತಿತ್ತು. ಇಂದಿನ ಮಾತು ನಾಗಪುರಕ್ಕೆ ಹೋಗಿ, ಒಂದೂವರೆ ವರ್ಷದ ನಂತರ, ಹದಿಮೂರನೆಯ ದಿನದ ಊಟದ ಹೊತ್ತಿಗೆ ಹಿಂದಿರುಗಿ ಬರುತ್ತದೆ. ಆದ್ದರಿಂದ ವಾಚಕ ಬಾಂಧವರಲ್ಲಿ ನನ್ನದಿಷ್ಟೇ ಕಳಕಳಿಯ ಪ್ರಾರ್ಥನೆ: ಮುಂದಿನ ಸಲ ಒಂದು ಸಂದೇಶ ಬರೆಯುವಾಗ ಅದು ಅಂಚೆ ಕಾರ್ಡೆಂದೇ ಭಾವಿಸಿ, ಮೂಲೆಯಲ್ಲಿ ತಾರೀಖು ಹಾಕಿ, ಕೆಳಗೆ ನಿಮ್ಮ ಹೆಸರು ಬರೆಯಿರಿ. ಹೆಸರು ಬರೆಯಲು ಮನಸ್ಸು ಹಿಂಜರಿದರೆ ಆ ಸಂದೇಶವನ್ನು ಕಳುಹಿಸದಿರುವುದೇ ಲೇಸು.