ತಾಳ ಹಿಡಿದವಳು, ಹೆಜ್ಜೆಯಿಟ್ಟವನು

ಕೊಪ್ಪ ತಾಲ್ಲೂಕಿನ ಮೇಗುಂದ ಹೋಬಳಿಯಲ್ಲಿ, ಅಡಕೆಯ ತೋಟಗಳಿಗೂ ಕಾಫಿಯ ಕಾಡುಗಳಿಗೂ ನಡುವೆ ಮನೆಗಳು ಚದರಿಕೊಂಡಿರುವ ಈ ಮಲೆಸೀಮೆಯಲ್ಲಿ, ಕ್ರೈಸ್ತ ಸಂಸ್ಥೆಯೊಂದು ನಡೆಸುವ ಸಣ್ಣ ಪ್ರಾಥಮಿಕ ಶಾಲೆಯನ್ನು ಭಾವಿಸಿಕೊಳ್ಳಿರಿ: ಮನೆಯಲ್ಲಿ ಕನ್ನಡ, ತುಳು, ಕೊಂಕಣಿ, ಮಲಯಾಳಗಳನ್ನಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುವರು, ಅವರಲ್ಲಿ ಒಬ್ಬನಿಗೆ ಶ್ರವಣ ಮಂದ, ಒಬ್ಬಳಿಗೆ ನಡೆಯುವುದು ಪ್ರಯಾಸ.

ಪಾಠದಲ್ಲಿ ಇವರೆಲ್ಲರನ್ನೂ ಜೊತೆಗೊಯ್ಯುವ ಉಪಾಧ್ಯಾಯರೇ, ವಾರ್ಷಿಕೋತ್ಸವ ಸಮೀಪಿಸಿದೊಡನೆ ಚುರುಕಾದವರನ್ನಷ್ಟೇ ಆರಿಸಿಕೊಳ್ಳುವುದುಂಟು. ಬಹುಮಾನದ ಮೋಹ ಅಂತಹುದು. ಆದರೆ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 16ನೆಯ ಪ್ರಕರಣವು, ಕ್ರೀಡೆ ಮತ್ತು ಮನೋರಂಜನೆಗಳಲ್ಲಿಯೂ ವಿಕಲಚೇತನ ಮಕ್ಕಳಿಗೆ ಸಮಾನ ಅವಕಾಶವಿರತಕ್ಕದ್ದೆಂದು ವಿಧಿಸಿದೆ.

ವಾರ್ಷಿಕೋತ್ಸವಕ್ಕೆಂದು ಯಕ್ಷಗಾನದ ತುಣುಕೊಂದನ್ನು ಕಲಿಸುವಾಗ, ಶ್ರವಣ ಮಂದವಾದ ಹುಡುಗನು ಚೆಂಡೆಯ ಮೈಗೆ ಅಂಗೈಯಿಟ್ಟು ಕಂಪನದಿಂದಲೇ ಲಯವನ್ನು ಗ್ರಹಿಸಬಹುದು; ಆಟದ ದಿನ, ರಂಗದಂಚಿನಲ್ಲಿ ಕುಳಿತು ತಾಳ ಹಾಕುವ, ನಡೆಯಲು ಪ್ರಯಾಸಪಡುವ ಆ ಹುಡುಗಿಯ ಕೈಯನ್ನೇ ನೋಡುತ್ತ ಹೆಜ್ಜೆಯಿಡಬಹುದು. ಅವಳ ತಾಳ ತಪ್ಪಿದರೆ ಅವನ ಹೆಜ್ಜೆಯೂ ತಪ್ಪುವುದರಿಂದ, ಈ ಪಾತ್ರವನ್ನು ಯಾರೂ ದಯೆಯೆಂದು ಎಣಿಸಲಾರರು.

ಡಿಸೆಂಬರಿನಲ್ಲಿ ಪಾಚಿ, ಭತ್ತದ ಹುಲ್ಲು, ಜೇಡಿಮಣ್ಣಿನ ದನಕರುಗಳಿಂದ ಕ್ರಿಸ್‌ಮಸ್ಸಿನ ಗೋದಲಿಯನ್ನು ಕಟ್ಟುವಾಗ ಎಲ್ಲ ಮತದ ಕೈಗಳೂ ಕೆಸರಾಗುವುವು. ಪ್ರಾರ್ಥನೆಯ ಮಾತು ಬೇರೆ. ಸರ್ಕಾರದ ಮನ್ನಣೆಯನ್ನೋ ಧನಸಹಾಯವನ್ನೋ ಪಡೆದ ಶಾಲೆಯು, ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಧಾರ್ಮಿಕ ಬೋಧೆಗಾಗಲಿ ಆರಾಧನೆಗಾಗಲಿ ಕೂರಿಸಕೂಡದೆಂಬುದು ಸಂವಿಧಾನದ 28ನೆಯ ಅನುಚ್ಛೇದದ ಕಟ್ಟಳೆ. ಆದಕಾರಣ ಹೊರಗುಳಿಯುವ ಮಕ್ಕಳಿಗೆ ಆ ಹೊತ್ತಿನಲ್ಲಿ ಒಂದು ಕಥೆಯನ್ನೋ ಕೈಗೆಲಸವನ್ನೋ ಮೊದಲೇ ಗೊತ್ತುಮಾಡಿಡಬೇಕು.

ಮತ್ತೆ, ಈ ಅಭ್ಯಾಸ, ತಯಾರಿಗಳೆಲ್ಲವೂ ಶಾಲೆಯ ವೇಳೆಯೊಳಗೇ ಮುಗಿಯಬೇಕು; ಸಂಜೆಯ ಬಸ್ಸು ತಪ್ಪುವಂತಾದರೆ, ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ಮೊದಲ ವಾರದಲ್ಲೇ ಬಿಟ್ಟುಹೋಗುವರು.